ಮೇಷ್ಟ್ರ ಪಾಯಿಂಟು

ಗೂಳಿಕಟ್ಟೆಯ ಮುರುಗೇಶಪ್ಪ ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಒಂದೇ ಒಂದು ಪದ. ಇದು ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವನ ಹೆಂಡತಿ ಮರುಳಸಿದ್ದಮ್ಮ. ಅವಳು ಅದನ್ನು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಆದರೆ ಅವನು ಜಗಲಿಯ ಮೇಲೆ ನಾಲ್ಕು ಜನರನ್ನು ಕೂಡಿಸಿಕೊಂಡು ಬಾಯಿ ತೆರೆದಾಗಲೆಲ್ಲ, ಒಳಗೆ ರೊಟ್ಟಿ ತಟ್ಟುತ್ತಿದ್ದವಳು, ಈಗ ಬರುತ್ತೆ ನೋಡು ಎಂದುಕೊಳ್ಳುತ್ತಿದ್ದಳು. ಅದು ಬಂದೇ ಬರುತ್ತಿತ್ತು.

“ಮೇನ್ ಪಾಯಿಂಟ್ ಏನಪ್ಪ ಅಂದ್ರೆ...”

ಕೂತವರು ತಲೆದೂಗುತ್ತಿದ್ದರು. ಮೇನ್ ಪಾಯಿಂಟ್ ಏನೆಂಬುದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲವೆಂದು ಯಾರೂ ಎದ್ದು ಹೋದದ್ದೂ ಇಲ್ಲ.

ಬಾಗೂರು ಸುತ್ತಿನ ಶಾಲೆಗಳಲ್ಲಿ ಅವನು ಡ್ರಿಲ್ ಮೇಷ್ಟ್ರಾಗಿದ್ದ. ಆ ಪದ ಅವನಿಗೆ ದಕ್ಕಿದ್ದು ಕಬಡ್ಡಿ ಅಂಕಣದಲ್ಲಿ. ಸೀಟಿ ಊದಿ ಬೆರಳೆತ್ತಿ “ಪಾಯಿಂಟ್” ಎಂದರೆ ಕಿರುಚಾಡುತ್ತಿದ್ದ ಹುಡುಗರೆಲ್ಲ ಗಪ್‌ಚಿಪ್ಪಾಗುತ್ತಿದ್ದರು. ಒಂದು ಪದಕ್ಕೇ ಇಷ್ಟು ಜೋರಿದೆ ಎಂದು ಗೊತ್ತಾದ ಮೇಲೆ ಎರಡನೆಯದನ್ನು ಕಲಿಯುವ ಅಗತ್ಯ ಅವನಿಗೆ ಕಾಣಲಿಲ್ಲ. ಒಮ್ಮೆ ಹಿರಿಯೂರಿನಲ್ಲಿ ತಾಲ್ಲೂಕು ಪಂದ್ಯ. ಗೆರೆ ಮುಟ್ಟದೆ ಬಿದ್ದವನಿಗೆ ಪಾಯಿಂಟ್ ಕೊಟ್ಟ. ಸೋತ ಊರಿನವರು ಬಸ್ ನಿಲ್ದಾಣದವರೆಗೆ ಅಟ್ಟಿಸಿಕೊಂಡು ಬಂದರು. ಮನೆಗೆ ಬಂದಾಗ ಅವನ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. “ಜೀವ ಹೋದ್ರೂ ಪಾಯಿಂಟ್ ಮಾತ್ರ ವಾಪಸ್ ತಗಳ್ಲಿಲ್ಲ ಕಣೇ,” ಎಂದು ಕಟ್ಟೆಯ ಮೇಲೆ ಕೂತು ಕಾಲು ತೊಳೆಸಿಕೊಂಡ. ತೊಳೆದವಳು ಅವಳೇ.

ಮನೆ ಕಟ್ಟಿಸಿದಾಗ ವೈರಿಂಗ್ ಕೆಲಸದವನ ಹಿಂದೆ ಹಿಂದೆ ತಿರುಗಿ ಪಾಯಿಂಟ್ ಹಾಕಿಸಿದ. ಟೀವಿಗೆ ಒಂದು ಪಾಯಿಂಟ್, ಮಂಚದ ತಲೆಗೆ ಫೋನಿಗೊಂದು ಪಾಯಿಂಟ್, ಹೊರಗೆ ಹಬ್ಬದ ದೀಪದ ಸರಕ್ಕೆ ಇನ್ನೊಂದು. ಅಡುಗೆಮನೆಗೆ ಬರುವಷ್ಟರಲ್ಲಿ ವೈರು ಮುಗಿದಿತ್ತು. ಮರುಳಸಿದ್ದಮ್ಮ ಅಂದಿನಿಂದ ಇಂದಿನವರೆಗೆ ಮಿಕ್ಸಿಯನ್ನು ನಡುಮನೆಗೆ ತಂದು, ಬಂದ ನೆಂಟರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಚಟ್ನಿ ರುಬ್ಬುತ್ತಾಳೆ. ಮಿಕ್ಸಿ ಗುರ್ರೆನ್ನುವಾಗ ಅವನು ಮಾತು ನಿಲ್ಲಿಸುವುದಿಲ್ಲ. ದನಿ ಏರಿಸುತ್ತಾನೆ.

ಮಗಳು ಮೇಘಶ್ರೀಯನ್ನು ಹೊಳಲ್ಕೆರೆಯ ಮನೆತನಕ್ಕೆ ಕೊಡುವ ಮಾತಾದಾಗಲೂ ಅಷ್ಟೆ. ಹುಡುಗನ ತಂದೆಗೆ, “ನಮ್ಮ ಹುಡುಗಿಯ ಪ್ಲಸ್ ಪಾಯಿಂಟು ಮಾತು ಕಮ್ಮಿ. ವೀಕ್ ಪಾಯಿಂಟೂ ಅದೇ ಅನ್ಕಳ್ರಿ,” ಎಂದು ನಕ್ಕ. ಪಡಸಾಲೆಯಲ್ಲಿದ್ದ ಮೇಘಶ್ರೀ ತಾಯಿಯ ಮುಖ ನೋಡಿದಳು. ಆ ಸಂಬಂಧ ಕೂಡಿಬಂದದ್ದು ತನ್ನ ಮಾತಿನಿಂದ ಎಂದು ಅವನು ಇವತ್ತಿಗೂ ನಂಬಿದ್ದಾನೆ.

ಹಾಗೆಂದು ಮರುಳಸಿದ್ದಮ್ಮನಿಗೆ ಮೊದಲಿನಿಂದಲೂ ಅವನ ಮೇಲೆ ಈ ತಾತ್ಸಾರ ಇತ್ತೆಂದಲ್ಲ. ಮದುವೆಯಾದ ಹೊಸದರಲ್ಲಿ ಬಾಗೂರಿನ ಬಯಲಲ್ಲಿ ಅವನು ಆಡುವುದನ್ನು ನೋಡಿದ್ದಳು. ಉಸಿರು ಬಿಡದೆ ಎದುರಾಳಿ ಪಾಳಯಕ್ಕೆ ನುಗ್ಗಿ, ಇಬ್ಬರು ಸೊಂಟ ಹಿಡಿದರೂ ಮೀನಿನ ಹಾಗೆ ಜಾರಿ ಗೆರೆ ಮುಟ್ಟಿದ್ದ. ಆ ದಿನ ಅವಳಿಗೆ ಎದೆ ತುಂಬಿ ಬಂದಿತ್ತು. ಆಮೇಲೆ ಅವನು ಆಡುವುದನ್ನು ಬಿಟ್ಟು ಸೀಟಿ ಹಿಡಿದ. ಅವಳ ಲೆಕ್ಕದಲ್ಲಿ ಅವನು ಕೆಟ್ಟದ್ದು ಅಲ್ಲಿಂದ. ತಾನು ಆಡದೆ ಬೇರೆಯವರ ಆಟಕ್ಕೆ ಬೆರಳೆತ್ತುವ ಸುಖ ಒಂದು ಸಲ ಹತ್ತಿತೆಂದರೆ ಮನುಷ್ಯನಿಂದ ಇನ್ನೊಂದು ಕೆಲಸ ಆಗುವುದಿಲ್ಲ.

ನಿವೃತ್ತನಾದ ಮೇಲೆ ಅದೇ ಪದ ಅವನಿಗೆ ಹೊಸ ಕಸುಬು ಹುಡುಕಿಕೊಟ್ಟಿತು. ಈ ಕಡೆ ಬೋರ್‌ವೆಲ್ ಕೊರೆಸುವ ಜಾಗವನ್ನು ಗುರುತು ಮಾಡುವುದಕ್ಕೂ ಪಾಯಿಂಟ್ ನೋಡುವುದು ಎಂದೇ ಹೆಸರು. ಜುಟ್ಟಿನ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡಡ್ಡ ಇಟ್ಟುಕೊಂಡು ಹೊಲದಲ್ಲಿ ನಡೆಯಬೇಕು. ಕೆಳಗೆ ನೀರಿದ್ದ ಕಡೆ ಕಾಯಿ ತಾನೇ ತಾನಾಗಿ ಎದ್ದು ನಿಲ್ಲುತ್ತದಂತೆ. ಮುರುಗೇಶಪ್ಪ ಮೊದಲು ನೋಡಿದ್ದು ಕೆರೆಯ ಹಿಂದಿನ ಒಂದು ತೋಟದಲ್ಲಿ. ಕಾಯಿ ನಿಂತಿತು, ನೀರು ಬಿತ್ತು. ಆ ತೋಟದಲ್ಲಿ ಬೇಲಿಗೆ ಗೂಟ ನೆಡಲು ಗುಂಡಿ ತೆಗೆದರೂ ನೀರು ಜಿನುಗುತ್ತದೆ ಎಂದು ಮರುಳಸಿದ್ದಮ್ಮನಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆದರೂ ಊರು ಅವನಿಗೆ ಶಾಲು ಹೊದಿಸಿತು. ಅಲ್ಲಿಂದ ಮುಂದೆ ಅವನು ಪಾಯಿಂಟ್ ಮೇಷ್ಟ್ರಾದ. ನೀರು ಬಿದ್ದರೆ ಮೇಷ್ಟ್ರ ಪಾಯಿಂಟು. ಬೀಳದಿದ್ದರೆ ಲಾರಿಯವನು ಪಾಯಿಂಟ್ ಬಿಟ್ಟು ಗೇಣುದ್ದ ಆಚೆ ಕೊರೆದದ್ದು. ದುಡ್ಡು ಮುಟ್ಟುತ್ತಿರಲಿಲ್ಲ. ಕರೆಯಲು ಬೈಕು ಬರಬೇಕು, ಊಟಕ್ಕೆ ಹೋಳಿಗೆ ಆಗಬೇಕು, ಹೊರಡುವಾಗ ನಾಲ್ಕು ಜನ ಕಾಲಿಗೆ ಬೀಳಬೇಕು.

“ನಿಮ್ಮೆಜಮಾನ್ರ ಕೈಯಾಗೆ ಶಕ್ತಿ ಐತೆ ಬಿಡು,” ಎಂದು ಊರ ಹೆಂಗಸರು ಹೇಳಿದರೆ ಅವಳು “ಹ್ಞೂಂ, ಐತೆ,” ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ಹೆಂಗಸರ ಮೇಲೂ ಅವಳಿಗೆ ಅಷ್ಟೇ ತಾತ್ಸಾರವಿತ್ತು.

ಊರಿನ ಮೇಲಿನ ದಿಣ್ಣೆಯಲ್ಲಿ ಕುರಿ ಸಾಕುವವರ ಹಟ್ಟಿ ಇತ್ತು. ಆ ವರ್ಷ ಹಟ್ಟಿಯ ಹಳೆಯ ಬೋರು ಕೈಕೊಟ್ಟಿತು. ಹೆಂಗಸರು ದಿಣ್ಣೆ ಇಳಿದು, ರಸ್ತೆ ದಾಟಿ, ಊರ ನಲ್ಲಿಯಲ್ಲಿ ಸರದಿ ನಿಂತು, ಕೊಡ ಹೊತ್ತು ಮತ್ತೆ ಏರಬೇಕಿತ್ತು. ಅವರಲ್ಲೊಬ್ಬಳು ಮುದ್ದಕ್ಕ. ಮರುಳಸಿದ್ದಮ್ಮನಿಗಿಂತ ತುಸು ಚಿಕ್ಕವಳು. ತುಂಬಿದ ಕೊಡವನ್ನು ಮೇಷ್ಟ್ರ ಮನೆಯ ಜಗಲಿಯ ಮೇಲಿಟ್ಟು, ಎಲೆಅಡಿಕೆ ಹಾಕಿಕೊಂಡು, ಎರಡು ಮಾತಾಡಿ ಹೋಗುತ್ತಿದ್ದಳು. ಮರುಳಸಿದ್ದಮ್ಮ ಬಾಯಿಬಿಟ್ಟು ನಗುತ್ತಿದ್ದದ್ದು ಅವಳ ಜೊತೆ ಮಾತ್ರ.

ಹಟ್ಟಿಗೆ ಹೊಸ ಬೋರು ಮಂಜೂರಾಯಿತು. ಗುರುರಾಜ್ ಎಂಬ ಎಳೆಯ ಎಂಜಿನಿಯರು ಮಿಷಿನ್ನು ತಂದು, ದಿಣ್ಣೆಯ ಮೇಲೆಲ್ಲ ಕಬ್ಬಿಣದ ಗೂಟ ಹೊಡೆದು, ವೈರು ಎಳೆದು ನೋಡಿ, ಹಟ್ಟಿಯ ಹುಣಸೆಮರದ ಪಕ್ಕ ಒಂದು ಕಲ್ಲು ಹುಗಿಸಿ ಅದಕ್ಕೆ ಕೆಂಪು ಬಣ್ಣ ಬಳಿಸಿದ. ತನ್ನನ್ನು ಕೇಳದೆ ಊರ ಸೀಮೆಯಲ್ಲಿ ಒಬ್ಬ ಪಾಯಿಂಟ್ ಇಟ್ಟನಲ್ಲ ಎಂದು ಮುರುಗೇಶಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಮಾರನೆಯ ದಿನ ಕಾಯಿ ಹಿಡಿದು ತಾನೂ ಹೊರಟ. ಕಾಯಿ ಎದ್ದು ನಿಂತದ್ದು ದಿಣ್ಣೆಯ ಮೇಲಲ್ಲ, ಕೆಳಗೆ ರಸ್ತೆ ಪಕ್ಕದಲ್ಲಿ, ಸರಿಯಾಗಿ ಅವನದೇ ತೆಂಗಿನ ತೋಟದ ಬೇಲಿಗೆ ಒತ್ತಿಕೊಂಡು.

“ಹಟ್ಟಿಯೋರಿಗೆ ನೀರು, ನಮ್ಮ ತೋಟದ ಬೇಲಿ ಪಕ್ಕ ಬೋರಾ?” ಎಂದು ಮರುಳಸಿದ್ದಮ್ಮ ಕೇಳಿದಳು.

“ಪೈಪ್ ಹಾಕಿ ಏರಿಸ್ತಾರೆ. ಪಾಯಿಂಟ್ ಎಲ್ಲೈತೋ ಅಲ್ಲಿ ತೋಡ್ಬೇಕು ಕಣೇ. ನಾನೇನು ಭೂಮಿತಾಯಿಗೆ ಹೇಳ್ಕೊಟ್ಟಿದ್ನಾ?”

“ಭೂಮಿತಾಯಿಗೆ ಹೇಳ್ಕೊಟ್ಟಿಲ್ಲ, ಕಾಯಿಗೆ ಹೇಳ್ಕೊಟ್ಟಿರ್ಬೇಕು.”

ಅವನಿಗೆ ಕೇಳಿಸಲಿಲ್ಲ. ಅವಳ ಮಾತು ಅವನಿಗೆ ಕೇಳಿಸದೇ ಹೋಗಿ ಬಹಳ ಕಾಲವಾಗಿತ್ತು.

ಶಾಲೆಯ ಜಗಲಿಯಲ್ಲಿ ಗ್ರಾಮಸಭೆ ನಡೆಯಿತು. ಪಂಚಾಯ್ತಿ ಅಧ್ಯಕ್ಷ ಹಾಲಸ್ವಾಮಿ ನಡುವೆ ಕೂತಿದ್ದ. ಪಕ್ಕದಲ್ಲಿ ಗುರುರಾಜ್ ಫೋನಿನಲ್ಲಿ ಕಣ್ಣಿಟ್ಟಿದ್ದ. ಹಟ್ಟಿಯ ಹಿರಿಯ ಜುಂಜಪ್ಪ ಕಂಬಳಿ ಹೊದ್ದು ಕಂಬಕ್ಕೆ ಒರಗಿದ್ದ. ಹೆಂಗಸರ ಸಾಲಿನಲ್ಲಿ ಮರುಳಸಿದ್ದಮ್ಮನೂ ಇದ್ದಳು. ಮುರುಗೇಶಪ್ಪ ಎದ್ದು ನಿಂತು ಗಂಗೆಯಿಂದ ಹಿಡಿದು, ದುರ್ಗದ ಕೋಟೆಯ ಹೊಂಡಗಳ ಮೂಲಕ ಇಳಿದು, ತನ್ನ ಅಂಗೈವರೆಗೆ ಬಂದ. ಮಿಷಿನ್ನಿಗೆ ಕಣ್ಣಿಲ್ಲ ಎಂದ. ರಸ್ತೆ ಪಕ್ಕದ ಜಾಗ ಹೇಳಿದ. ಅವನ ಮಾತು ಮುಗಿಯುವುದಿಲ್ಲವೆಂದು ಗೊತ್ತಾದಾಗ ಗುರುರಾಜ್ ಫೋನಿನಿಂದ ತಲೆ ಎತ್ತದೆಯೇ ಹೇಳಿದ:

“ಬಹಳ ಒಳ್ಳೇ ಪಾಯಿಂಟ್ ಸಾರ್. ನಿಮ್ಮ ಪಾಯಿಂಟ್ ನೋಟ್ ಮಾಡ್ಕೊಂಡಿದೀನಿ. ನೆಕ್ಸ್ಟ್?”

ಮೊದಲು ಹಾಲಸ್ವಾಮಿ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಉಳಿದವರು ತಟ್ಟಿದರು. ಮುರುಗೇಶಪ್ಪ ಎರಡೂ ಕೈ ಮುಗಿದು ಕೂತ. ಎಂಜಿನಿಯರು ತನ್ನ ಕಲ್ಲನ್ನು ಬಿಟ್ಟು ಮೇಷ್ಟ್ರ ಜಾಗವನ್ನು ಒಪ್ಪಿದ ಎಂದು ಇಡೀ ಜಗಲಿಗೆ ಅರ್ಥವಾಗಿತ್ತು. ಮರುಳಸಿದ್ದಮ್ಮನಿಗೆ ಅರ್ಥವಾದದ್ದು ಬೇರೆ. ಆಮೇಲೆ ಎದ್ದು ನಿಂತ ಇನ್ನೊಬ್ಬ ಬೀದಿದೀಪದ ಬಗ್ಗೆ ಹೇಳಿದ. ಅದಕ್ಕೂ ಗುರುರಾಜ್ “ಒಳ್ಳೇ ಪಾಯಿಂಟ್” ಅಂದ. ಮತ್ತೊಬ್ಬ ಚರಂಡಿ ಅಂದ. ಅದೂ ಒಳ್ಳೇ ಪಾಯಿಂಟೇ. ನೋಟ್ ಮಾಡಿಕೊಂಡಿದ್ದೇನೆ ಎಂದವನ ಕೈಯಲ್ಲಿ ಪೆನ್ನೇ ಇರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಹೇಳಿ ನೋಡಿದಳು.

“ರೀ, ಆ ಹುಡ್ಗ ಹೇಳಿದ್ದು ನಿಮ್ಮ ಮಾತನ್ನ. ಜಾಗಾನ ಅಲ್ಲ. ಮಾತಿಗೂ ಪಾಯಿಂಟ್ ಅಂತಾರೆ. ಸುಮ್ನೆ ಕೂರ್ಸಕ್ಕೆ ಅಂದಿದ್ದು.”

ಮುರುಗೇಶಪ್ಪ ಕುರ್ಚಿಗೆ ಒರಗಿ ನಕ್ಕ. “ಮೂವತ್ತು ವರ್ಷ ಪಾಯಿಂಟ್ ಕೊಟ್ಟಿರೋ ನಂಗೆ ನೀನು ಪಾಯಿಂಟ್ ಅಂದ್ರೇನು ಅಂತ ಹೇಳ್ಕೊಡ್ತೀಯ? ಎಂಜಿನಿಯರೇ ಸಾರ್ ಅಂದ. ನೀನು ಹೋಗಿ ಕಾಫಿ ಇಡು.”

ಅವಳು ಕಾಫಿ ಇಟ್ಟಳು. ಹೇಳಬೇಕಾದ್ದು ಹೇಳಿ ಆಯಿತು, ಇನ್ನು ಆ ಲಾರಿ ಬಂದು ಬರೀ ಧೂಳು ಎಬ್ಬಿಸಿ ಹೋಗಲಿ, ಇವನ ಮುಖ ನೋಡೋಣ ಎಂದು ಒಳಗೊಳಗೇ ಒಂದು ಖುಷಿ ಹುಟ್ಟಿದ್ದೂ ನಿಜ. ಎರಡು ದಿನ ಆ ಖುಷಿಯಲ್ಲೇ ಇದ್ದಳು. ಮೂರನೆಯ ಸಂಜೆ ಅವನು ಬಟ್ಟೆಯೆಲ್ಲ ಮಣ್ಣು ಮಾಡಿಕೊಂಡು ಬಂದ.

“ಎಲ್ಲಿಗೋಗಿದ್ರಿ?”

“ಹಟ್ಟಿ ತಾವ. ಆ ಕೆಂಪು ಕಲ್ಲು ಕಿತ್ತಾಕ್ಸಿ ಬಂದೆ. ಎರಡೆರಡು ಪಾಯಿಂಟ್ ಇದ್ರೆ ಲಾರಿಯೋನಿಗೆ ಗೊಂದಲ. ನಮ್ಮ ಪಾಯಿಂಟ್‌ಗೆ ಕಲ್ಲು ನೆಟ್ಟು ಸುಣ್ಣ ಬಳ್ದು, ಅರಿಶಿನ ಕುಂಕುಮ ಹಚ್ಚಿಸಿದೀನಿ. ಗುರುವಾರ ಬರ್ತೈತೆ ಲಾರಿ.”

ಮರುಳಸಿದ್ದಮ್ಮನ ಖುಷಿ ಅಲ್ಲಿಗೆ ಮುಗಿಯಿತು. ಸರ್ಕಾರ ಎರಡನೆಯ ಸಲ ಬೋರು ಕೊಡುವುದು ಯಾವ ಕಾಲಕ್ಕೋ. ಧೂಳು ಬಿದ್ದರೆ ಇವನು ಲಾರಿಯವನನ್ನು ಬೈದು ಉಂಡು ಮಲಗುತ್ತಾನೆ. ಕೊಡ ಹೊತ್ತು ದಿಣ್ಣೆ ಏರುವವಳು ಮುದ್ದಕ್ಕ.

ಬೆಳಿಗ್ಗೆ ಅವಳು ಹಟ್ಟಿಗೆ ಹೋದಳು. ಹುಣಸೆಮರದ ಪಕ್ಕ ಕಲ್ಲು ಕಿತ್ತ ಗುಂಡಿ ಹಾಗೇ ಬಾಯಿ ತೆರೆದಿತ್ತು. ಮುದ್ದಕ್ಕ ಕುರಿ ಕೂಡುವ ರೊಪ್ಪದ ಮುಂದೆ ಹಿಕ್ಕೆ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಬಂದಳು. ಜುಂಜಪ್ಪನೂ ಬಂದ.

“ನಿಮ್ಮ ಹಟ್ಟಿ ಕಲ್ಲು ಕೀಳೋವಾಗ ನೀವ್ಯಾರೂ ಕೇಳ್ಲಿಲ್ವಾ?” ಎಂದಳು ಮರುಳಸಿದ್ದಮ್ಮ.

“ಏನ್ ಕೇಳಾದು ಮೇಷ್ಟ್ರಮ್ಮ,” ಎಂದ ಜುಂಜಪ್ಪ. “ಎಂಜಿನೇರಪ್ಪ ಎಲ್ರ ಮುಂದೆ ಒಳ್ಳೆ ಪಾಯಿಂಟು ಅಂತ ಅಂದವ್ನೆ. ನಾನೂ ಅಲ್ಲೇ ಇದ್ನಲ್ಲ. ಮೇಷ್ಟ್ರು ದೊಡ್ಡೋರು.”

“ದೊಡ್ಡೋರು!” ಎಂದಳು ಅವಳು. ಆ ಒಂದು ಪದದಲ್ಲಿ ಅವಳು ಇಷ್ಟು ವರ್ಷ ನುಂಗಿದ್ದೆಲ್ಲ ಇತ್ತೋ ಏನೋ, ಜುಂಜಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. “ಬೀದಿದೀಪಕ್ಕೂ ಒಳ್ಳೇ ಪಾಯಿಂಟ್ ಅಂದ, ಚರಂಡಿಗೂ ಒಳ್ಳೇ ಪಾಯಿಂಟ್ ಅಂದ. ಅಲ್ಲೂ ಬೋರ್ ಹೊಡಿಸ್ತೀರೇನಪ್ಪ?”

ಮುದ್ದಕ್ಕ ಮೊದಲು ನಕ್ಕಳು. ನಕ್ಕವಳು ಥಟ್ಟನೆ ನಿಂತಳು. “ಹಂಗಾದ್ರೆ ನಮ್ಮ ನೀರು?”

ಮರುಳಸಿದ್ದಮ್ಮ ಅಲ್ಲೇ ಹುಣಸೆಮರದ ಕೆಳಗೆ ನಿಂತು ಹಾಲಸ್ವಾಮಿಗೆ ಫೋನು ಮಾಡಿ ಎಂಜಿನಿಯರನ ನಂಬರು ಕೇಳಿದಳು. ಯಾಕೆ ಅಂದ. ಪೂಜೆಗೆ ಕರೆಯಲಿಕ್ಕೆ ಅಂದಳು. ನಂಬರು ಸಿಕ್ಕಿತು. ಗುರುರಾಜ್ ಮೂರನೆಯ ಸಲಕ್ಕೆ ಎತ್ತಿದ.

“ಯಾವ ಪಾಯಿಂಟ್ ಅಮ್ಮ?”

ಅವಳು ವಿವರಿಸಿದಳು. ಗುರುರಾಜ್ ಮತ್ತೊಮ್ಮೆ ಹೇಳಿಸಿಕೊಂಡ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ.

“ಓ, ಆ ವಯಸ್ಸಾದೋರಾ... ಅಯ್ಯೋ, ಅದು ಮಾತಿಗೆ ಹೇಳಿದ್ದಮ್ಮ. ಮೀಟಿಂಗಲ್ಲಿ ಎಲ್ರಿಗೂ ಹಂಗೇ ಹೇಳ್ತೀವಿ. ಬೋರ್ ಪಾಯಿಂಟು ನಾವು ಕಲ್ಲು ಹಾಕಿರೋದೇ. ಅಲ್ಲೇ ಹೊಡೆಯೋದು.”

“ಆ ಕಲ್ಲು ಈಗಿಲ್ಲ.”

“ಇಲ್ವಾ? ಗುಂಡಿ ಇದೆಯಲ್ಲ? ಅಲ್ಲೇ ಹೊಡಿಸಿ. ನಾನು ಗುರುವಾರ ಬರೋಕಾಗಲ್ಲ, ಹೊಸದುರ್ಗದಲ್ಲಿ ಮೀಟಿಂಗ್ ಇದೆ.”

ಫೋನಿಟ್ಟು ಅವಳು ಕಲ್ಲು ಕಿತ್ತ ಗುಂಡಿಯನ್ನು ನೋಡಿದಳು. ಒಬ್ಬನಿಗೆ ತಾನಾಡಿದ ಮಾತಿನ ಅರ್ಥ ಬೇಕಿಲ್ಲ, ಇನ್ನೊಬ್ಬನಿಗೆ ತಾನು ಕೇಳಿದ ಮಾತಿನ ಅರ್ಥ ತಿಳಿಯುವುದಿಲ್ಲ, ಮಧ್ಯೆ ಕೂತವರು ಚಪ್ಪಾಳೆ ತಟ್ಟುತ್ತಾರೆ. ಗಂಡನೊಬ್ಬನೇ ದಡ್ಡ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಗುರುವಾರ ಬೆಳಿಗ್ಗೆ ಹೆಂಗಸ್ರನ್ನೆಲ್ಲ ಕರ್ಕಂಡು ಬಾ ಮುದ್ದಕ್ಕ,” ಎಂದಳು. “ಕೊಡ ತಗೊಂಡೇ ಬರ್ರಿ.”

ಗುರುವಾರ ಬೋರು ಲಾರಿ ಹೊಸದುರ್ಗದ ಕಡೆಯಿಂದ ಗುಡುಗುತ್ತ ಬಂತು. ಹಿಂದೆ ಪೈಪು ಹೊತ್ತ ಇನ್ನೊಂದು ಲಾರಿ. ಡ್ರೈವರು ತಮಿಳಿನವನು, ಈ ಕಡೆ ಎಷ್ಟೋ ವರ್ಷದಿಂದ ಓಡಾಡಿದವನು. ಇಳಿಯುವ ಮೊದಲೇ ತಲೆ ಹೊರಗೆ ಹಾಕಿ, “ಪಾಯಿಂಟ್ ಎಲ್ಲಿ ಸಾರ್?” ಎಂದ.

ಮುರುಗೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಾಲು ಹಾಕಿ, ಕೊರಳಿಗೆ ಹಳೆಯ ಸೀಟಿಯನ್ನೂ ನೇತುಹಾಕಿಕೊಂಡಿದ್ದ. ಒಂದು ಸಲ ಊದಿಯೇ ಊದಿದ. ಲಾರಿ ಅವನ ಹಿಂದೆ ಹಿಂದೆ ಬಂದು ತೋಟದ ಬೇಲಿ ಪಕ್ಕ ನಿಂತಿತು. ಊರಿಗೆ ಊರೇ ಸೇರಿತ್ತು. ಸುಣ್ಣದ ಕಲ್ಲಿನ ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು. ಡ್ರೈವರು ನಿಂಬೆಹಣ್ಣು ಕೊಯ್ದು ಲಾರಿಯ ಚಕ್ರಕ್ಕೆ ಇಡುತ್ತಿದ್ದಾಗ ಹಟ್ಟಿಯ ಹೆಂಗಸರು ಖಾಲಿ ಕೊಡ ಹಿಡಿದು ದಿಣ್ಣೆ ಇಳಿದು ಬಂದರು. ಮುಂದೆ ಮರುಳಸಿದ್ದಮ್ಮ. ಅವಳು ಯಾರನ್ನೂ ನೋಡದೆ ನೇರ ನಡೆದು ಬಂದು ಸುಣ್ಣ ಬಳಿದ ಕಲ್ಲಿನ ಮೇಲೆ ಹತ್ತಿ ನಿಂತಳು. ಕಾಲಲ್ಲಿ ಚಪ್ಪಲಿ ಇತ್ತು.

“ಲೇ ಲೇ, ಪಾಯಿಂಟ್ ಮ್ಯಾಲೆ ನಿಂತಿದೀಯ!” ಎಂದು ಮುರುಗೇಶಪ್ಪ ಕೂಗಿದ.

“ಗೊತ್ತು. ಅದಕ್ಕೇ ನಿಂತಿರಾದು.”

“ಇಳಿಯೇ. ಎಲ್ರೂ ನೋಡ್ತಾವ್ರೆ.”

“ನೋಡ್ಲಿ ಅಂತಲೇ ಬಂದಿದೀನಿ.” ಅವಳು ಡ್ರೈವರನ ಕಡೆ ತಿರುಗಿದಳು. “ಅಣ್ಣಾ, ಇಲ್ಲಿ ಹೊಡೀಬ್ಯಾಡ್ರಿ. ಸರ್ಕಾರ ಗುರ್ತು ಮಾಡಿರೋ ಜಾಗ ಮ್ಯಾಲೆ ಹಟ್ಟಿ ತಾವ ಐತೆ. ಕಲ್ಲು ಕಿತ್ತವ್ರೆ, ಗುಂಡಿ ಹಂಗೇ ಐತೆ.”

ಡ್ರೈವರು ಅವಳನ್ನು ನೋಡಿದ, ಶಾಲಿನ ಮೇಷ್ಟ್ರನ್ನು ನೋಡಿದ, ನಿಂಬೆಹಣ್ಣನ್ನು ಕೆಳಗಿಟ್ಟ. ಹಾಲಸ್ವಾಮಿ ಮುಂದೆ ಬಂದು, “ಅಕ್ಕಾ, ಮನೆ ಜಗಳ ಮನೆಯಾಗೆ ಇಟ್ಕಳ್ರಿ. ಎಂಜಿನಿಯರ್ರೇ ಒಪ್ಪವ್ರೆ,” ಎಂದ.

“ಅವ್ರನ್ನೇ ಕೇಳಾಣ ಬಾರಪ್ಪ.” ಅವಳು ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಎತ್ತಿ ಹಿಡಿದಳು. ಗುರುರಾಜನ ದನಿ ಬೇಸರದಿಂದ ಬಂತು. “ಸಾರ್, ಗೂಳಿಕಟ್ಟೆಯಿಂದ. ಲಾರಿ ಬಂದೈತೆ. ಆವತ್ತು ಸಭೆಯಾಗೆ ಮೇಷ್ಟ್ರ ಪಾಯಿಂಟು ನೋಟ್ ಮಾಡ್ಕಂಡೆ ಅಂದ್ರಲ್ಲ, ಏನು ನೋಟ್ ಮಾಡ್ಕಂಡ್ರಿ?”

“ಏನೂ ಮಾಡ್ಕೊಂಡಿಲ್ಲಮ್ಮ! ಅವತ್ತೇ ಹೇಳಿದ್ನಲ್ಲ. ಅದು ಸುಮ್ನೆ ಮಾತಿಗೆ ಅಂದಿದ್ದು. ಬೋರು ಹುಣಸೆಮರದ ಹತ್ರ. ಬೇರೆ ಕಡೆ ಹೊಡೆದ್ರೆ ಬಿಲ್ ಆಗಲ್ಲ ಅಂತ ಡ್ರೈವರಿಗೆ ಹೇಳಿ.”

ಬಿಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಡ್ರೈವರು ಲಾರಿ ಹತ್ತಿದ. ಊರಿನವರು ಯಾರೂ ನಗಲಿಲ್ಲ. ನಗಬಹುದೋ ಬಾರದೋ ಎಂದು ಎಲ್ಲರೂ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಮುರುಗೇಶಪ್ಪನ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಗಿ, ಕೊನೆಗೆ ಯಾವುದೋ ಒಂದು ಬಣ್ಣಕ್ಕೆ ಬಂದು ನಿಂತಿತು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಇದೇ ನೋಡ್ರಪ್ಪ ನನ್ನ ಪಾಯಿಂಟು,” ಎಂದ. “ಹಟ್ಟಿಯೋರು ತಮ್ಮ ಹಕ್ಕು ತಾವೇ ಬಂದು ಕೇಳ್ತಾರೋ ಇಲ್ವೋ ನೋಡಾಣ ಅಂತಿದ್ದೆ. ಕೇಳಿದ್ರು. ಸಂತೋಷ. ನನ್ನ ಪಾಯಿಂಟ್ ನಾನು ಬಿಟ್ಟುಕೊಟ್ಟೆ. ನಡೀರಿ ಮ್ಯಾಲಕ್ಕೆ ಹೋಗಾಣ.”

ಹಾಲಸ್ವಾಮಿ ಚಪ್ಪಾಳೆ ತಟ್ಟಿದ. ಮರುಳಸಿದ್ದಮ್ಮ ಕಲ್ಲಿನ ಮೇಲೆ ನಿಂತೇ ಇದ್ದಳು. ಸುತ್ತ ಕೈಗಳೆಲ್ಲ ಪಟಪಟ ಬಡಿದುಕೊಳ್ಳುವುದನ್ನು ನೋಡಿದಳು. ಲಾರಿಯ ಮುಂದೆ ಮುಂದೆ ಸೀಟಿ ಊದುತ್ತ ದಿಣ್ಣೆ ಏರುತ್ತಿದ್ದ ಬಿಳಿ ಅಂಗಿಯನ್ನು ನೋಡಿದಳು. ಅವನಿಗೆ ಅವಮಾನ ಮಾಡಬೇಕೆಂದು ಬಂದವಳಲ್ಲ ಅವಳು. ಆದರೂ ಅಷ್ಟು ಜನರ ಮುಂದೆ ಮಾಡಿದ ಅವಮಾನವೂ ಅವನನ್ನು ಮುಟ್ಟದೆ ಹೋಯಿತಲ್ಲ ಎಂಬುದನ್ನು ಅವಳಿಗೆ ನಂಬಲಾಗಲಿಲ್ಲ.

ಹುಣಸೆಮರದ ಬಳಿ ಲಾರಿ ಮಧ್ಯಾಹ್ನದವರೆಗೆ ಕೊರೆಯಿತು. ಮೊದಲು ಕೆಂಪು ಧೂಳು, ಆಮೇಲೆ ಬಿಳಿ ಧೂಳು. ಕುರಿಗಳೆಲ್ಲ ಹೆದರಿ ರೊಪ್ಪದ ಮೂಲೆ ಸೇರಿದವು. ಬಿಳಿ ಧೂಳು ನಿಲ್ಲುವ ಲಕ್ಷಣ ಕಾಣದಾಗ ಊರಿನವರು ಮರುಳಸಿದ್ದಮ್ಮನನ್ನು ಓರೆಗಣ್ಣಲ್ಲಿ ನೋಡತೊಡಗಿದರು. ಮಿಷಿನ್ನನ್ನು ಅವಳೇನು ಪೂಜಿಸಿದವಳಲ್ಲ. ಅದೂ ಸುಳ್ಳಾಗಬಹುದಿತ್ತು. ಮುದ್ದಕ್ಕ ಬಂದು ಪಕ್ಕ ನಿಂತು ಅವಳ ಕೈ ಹಿಡಿದುಕೊಂಡಳು. ಊಟದ ಹೊತ್ತು ಮೀರಿ ಎಷ್ಟೋ ಆದ ಮೇಲೆ ಧೂಳು ತೇವವಾಯಿತು, ಕೆಸರಾಯಿತು, ಆಮೇಲೆ ಒಮ್ಮೆಗೇ ನೀರು ಹುಣಸೆಯ ಕೊಂಬೆಗೆ ಹಾರಿ ಎಲ್ಲರ ತಲೆಯ ಮೇಲೆ ಸುರಿಯಿತು. ಮುದ್ದಕ್ಕ ಕೇಕೆ ಹಾಕಿದಳು. ಜುಂಜಪ್ಪ ನೆನೆದ ಕಂಬಳಿಯಲ್ಲೇ ನೆಲಕ್ಕೆ ಬಗ್ಗಿ ಕೈಮುಗಿದ.

ಆ ಸಂಜೆ ಗಂಡ ರೇಗುತ್ತಾನೆ, ಕೈ ಎತ್ತಿದರೂ ಎತ್ತಿಯಾನು ಎಂದುಕೊಂಡೇ ಅವಳು ಮನೆಗೆ ಬಂದಳು. ಎತ್ತಿದರೆ ಏನು ಮಾಡಬೇಕೆಂದೂ ಯೋಚಿಸಿಕೊಂಡಿದ್ದಳು. ಹೊಳಲ್ಕೆರೆಗೆ ಮಗಳ ಮನೆಗೆ ಹೋಗುವ ಬಸ್ಸು ಯಾವ ಹೊತ್ತಿಗಿದೆ ಎಂದೂ ಕೇಳಿಟ್ಟುಕೊಂಡಿದ್ದಳು. ಅದೇನೂ ಬೇಕಾಗಲಿಲ್ಲ. ಜಗಲಿ ತುಂಬ ಜನ ಇದ್ದರು. ಬೇಲಿ ಪಕ್ಕದ ನೀರನ್ನು ಹಟ್ಟಿಗಾಗಿ ಬಿಟ್ಟುಕೊಟ್ಟ ಮೇಷ್ಟ್ರು ಎಂದು ಹಾಲಸ್ವಾಮಿ ಹೊಗಳುತ್ತಿದ್ದ. ಎಲ್ಲರೂ ಎದ್ದುಹೋದ ಮೇಲೆ ಮುರುಗೇಶಪ್ಪ ಒಳಗೆ ಬಂದು ತಟ್ಟೆಯ ಮುಂದೆ ಕೂತ. ಮುದ್ದೆ ಮುರಿದು ಸಾರಿಗೆ ಅದ್ದಿದ.

“ನಿನ್ನನ್ನ ಕ್ಷಮಿಸಿದೀನಿ,” ಎಂದ.

ಮರುಳಸಿದ್ದಮ್ಮ ಸೌಟು ಎತ್ತಿ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

“ನಿಂಗೆ ತಿಳುವಳ್ಕೆ ಕಮ್ಮಿ. ಆದ್ರೂ ನಿನ್ನಿಂದ ಒಂದು ಒಳ್ಳೇದಾಯ್ತು. ಜನಕ್ಕೆ ನನ್ನ ದೊಡ್ಡತನ ಗೊತ್ತಾಯ್ತು.” ಬೆರಳು ನೆಕ್ಕಿದ. “ಸಾರಿಗೆ ಉಪ್ಪು ಒಂದು ಪಾಯಿಂಟ್ ಜಾಸ್ತಿ ಆಗೈತೆ.”

ಅವಳು ಸೌಟನ್ನು ಪಾತ್ರೆಗೆ ಹಾಕಿ, ಅವನ ಎದುರಿಗೇ ತಟ್ಟೆ ಇಟ್ಟುಕೊಂಡು ಕೂತು ಊಟ ಮಾಡಿದಳು. ಅವನು ಮುಗಿಸುವ ತನಕ ಕಾಯುವುದನ್ನು ಅವಳು ಬಿಟ್ಟದ್ದು ಅಂದಿನಿಂದ. ಇನ್ನೊಂದು ಬದಲಾವಣೆಯೂ ಆಯಿತು. ಇಷ್ಟು ವರ್ಷ ಅವನ ಮಾತಿಗೆ ಒಳಗೆ ಕೂತು ಉರಿದುಕೊಳ್ಳುತ್ತಿದ್ದವಳು ಈಗ ಉರಿದುಕೊಳ್ಳಲಿಲ್ಲ. ಸಿಟ್ಟು ಬರಬೇಕಾದರೂ ಎದುರಿಗೆ ಒಬ್ಬ ಮನುಷ್ಯ ಇರಬೇಕು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ತಿಂಗಳೊಪ್ಪತ್ತಿನಲ್ಲಿ ಮೋಟರು ಇಳಿಸಿ, ಟ್ಯಾಂಕು ಕೂರಿಸಿ, ಹಟ್ಟಿಯಲ್ಲಿ ನಲ್ಲಿಗಳಾದವು. ಉದ್ಘಾಟನೆಗೆ ಹುಣಸೆಮರದ ಕೆಳಗೆ ಶಾಮಿಯಾನ ಹಾಕಿದರು. ಈ ಸಲ ಗುರುರಾಜ್ ತಪ್ಪದೆ ಬಂದ. ಹಾಲಸ್ವಾಮಿ ಮೇಷ್ಟ್ರಿಗೆ ಮೈಸೂರು ಪೇಟ ತೊಡಿಸಿದ. ಗುರುರಾಜ್ ಮೈಕು ಹಿಡಿದು, ಮೇಷ್ಟ್ರು ಗ್ರಾಮಸಭೆಯಲ್ಲೇ ಬಹಳ ಒಳ್ಳೆಯ ಪಾಯಿಂಟ್ ಹೇಳಿದ್ದರು ಎಂದ. ಯಾವುದು ಎಂದು ಹೇಳಲಿಲ್ಲ. ಆಮೇಲೆ ಮೈಕು ಮುರುಗೇಶಪ್ಪನ ಕೈಗೆ ಬಂತು. ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮರುಳಸಿದ್ದಮ್ಮನನ್ನು ಕೂರಿಸಿದ್ದರು. ಅವಳ ಕೈಗೂ ಯಾರೋ ಒಂದು ಗುಲಾಬಿ ಕೊಟ್ಟಿದ್ದರು.

ಅವನು ಗಂಗೆಯಿಂದ ಶುರು ಮಾಡಿದ. ಅವಳು ಗುಲಾಬಿಯನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಹಿಂದೆ ಯಾರೋ, “ಅಕ್ಕಾ, ಕುಂತ್ಕಳ್ರಿ, ಮೇಷ್ಟ್ರು ಮಾತಾಡ್ತಾವ್ರೆ,” ಎಂದು ಪಿಸುಗುಟ್ಟಿದರು. ಅವಳು ಸಾಲು ದಾಟಿ ಶಾಮಿಯಾನದ ಹೊರಗೆ ಬಂದಳು. ಮೈಕಿನ ಮಾತು ಒಂದು ಗಳಿಗೆ ತಡವರಿಸಿ ಮತ್ತೆ ಸಾಗಿತು.

ಮುದ್ದಕ್ಕನ ಮನೆಯ ಮುಂದಿನ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅವಳು ಬಗ್ಗಿ ಬೊಗಸೆಯೊಡ್ಡಿ ಕುಡಿದಳು. ಸ್ವಲ್ಪ ಒಗರಿತ್ತು. ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು. ಮುದ್ದಕ್ಕ ರೊಪ್ಪದ ಬಾಗಿಲಲ್ಲಿ ಆಗಷ್ಟೇ ಹುಟ್ಟಿದ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಿದ್ದಳು. ಉದ್ಘಾಟನೆಗೆ ಅವಳು ಬಂದೇ ಇರಲಿಲ್ಲ.

“ಮೇಷ್ಟ್ರು ಏನೋ ಜೋರಾಗಿ ಹೇಳ್ತಾವ್ರೆ,” ಎಂದಳು. “ನೀವು ಕೇಳಲ್ವಾ?”

“ಎರಡು ಹಾಕೈತಾ, ಒಂದೇನಾ?” ಎಂದು ಮರುಳಸಿದ್ದಮ್ಮ ಅವಳ ಪಕ್ಕ ಕೂತು ಮರಿಗೆ ಕೈ ಚಾಚಿದಳು.

“ಎರಡು. ಇನ್ನೊಂದು ಒಳಗೈತೆ, ಅದು ವಸಿ ನಿಶ್ಶಕ್ತಿ. ತಾಯಿ ಹಾಲು ಕುಡಿಯಾಕೆ ಬಿಡ್ತಿಲ್ಲ.”

“ತಗಂಬಾ ಇಲ್ಲಿ. ನಾನು ತಾಯೀನ ಹಿಡ್ಕಂತೀನಿ, ನೀನು ಕುಡ್ಸು.”

ಇಬ್ಬರೂ ರೊಪ್ಪದ ಒಳಗೆ ಹೋದರು.